ಬಳಗದೊಳಗಿನ ಮಾತು: ಕೀಟಲೆಗೂ ಸಲಹೆಗೂ ಒಂದು ಹದ

ಗೆಳೆಯರ ಗುಂಪುಗಳಲ್ಲಿ ನಿತ್ಯವೂ ನಡೆಯುವ ಕೀಟಲೆ, ತಮಾಷೆ ಮತ್ತು ಬುದ್ಧಿಮಾತುಗಳ ಬಗ್ಗೆ ಓದುಗರು ಕಳುಹಿಸಿದ ಪತ್ರಗಳಲ್ಲಿ ಐದನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇನೆ. ಮೊದಲನೆಯ ಪತ್ರ ನನ್ನನ್ನು ಬಹಳ ಹೊತ್ತು ಕಾಡಿತು. ಅದಕ್ಕೆ ಬರೆದ ಉತ್ತರ ಉಳಿದವುಗಳಿಗಿಂತ ದೀರ್ಘವಾಗಿರುವುದಕ್ಕೆ ಅದೇ ಕಾರಣ.

ಪ್ರಶ್ನೆ: ಕಾಲೇಜಿನಲ್ಲಿ ಒಟ್ಟಿಗೆ ಓದಿದ ನಾವು ಹದಿನಾಲ್ಕು ಮಂದಿ ಇಂದಿಗೂ ಮೊಬೈಲಿನ ಒಂದು ಗುಂಪಿನಲ್ಲಿ ದಿನವೂ ಮಾತಾಡಿಕೊಳ್ಳುತ್ತೇವೆ. ಕೊನೆಯ ಪರೀಕ್ಷೆಯ ದಿನ ನಾನು ಪ್ರವೇಶಪತ್ರವನ್ನೇ ಮರೆತು ಬಂದಿದ್ದೆ. ಅಂದಿನಿಂದ ‘ಮರೆಗುಳಿ’ ಎಂಬ ಹೆಸರು ನನಗೆ ಅಂಟಿಕೊಂಡಿತು. ಇಪ್ಪತ್ತು ವರ್ಷ ನಾನೂ ಅವರೊಡನೆ ನಕ್ಕಿದ್ದೇನೆ. ಆದರೆ ಕಳೆದ ವರ್ಷ ನನ್ನ ತಾಯಿಗೆ ಮರೆವಿನ ಕಾಯಿಲೆ ಇದೆಯೆಂದು ವೈದ್ಯರು ಹೇಳಿದರು. ಈಗ ಆ ಹೆಸರು ಕಣ್ಣಿಗೆ ಬಿದ್ದರೆ ಎದೆ ಹಿಂಡಿದಂತಾಗುತ್ತದೆ. ಗುಂಪಿನಲ್ಲಿ ಯಾರಿಗೂ ವಿಷಯ ತಿಳಿದಿಲ್ಲ. ಹೇಳಿದರೆ ಎಲ್ಲರ ನಗು ಕೆಡಿಸಿದಂತಾಗುತ್ತದೆ, ಹೇಳದಿದ್ದರೆ ತಡೆದುಕೊಳ್ಳಲು ಆಗುತ್ತಿಲ್ಲ. ಏನು ಮಾಡಲಿ?

ಉತ್ತರ: ಹೇಳಿಬಿಡಿ. ಹೇಗೆ ಮತ್ತು ಯಾವಾಗ ಎಂಬುದನ್ನು ಮಾತ್ರ ಸ್ವಲ್ಪ ಯೋಚಿಸಿ ನಿರ್ಧರಿಸಿ.

ಮಾನವಶಾಸ್ತ್ರಜ್ಞ ಎ. ಆರ್. ರ‍್ಯಾಡ್‌ಕ್ಲಿಫ್-ಬ್ರೌನ್ 1940ರಲ್ಲಿ ಕೀಟಲೆಯ ಸಂಬಂಧಗಳ ಬಗ್ಗೆಯೇ ಒಂದು ಪ್ರಬಂಧ ಬರೆದರು. ಕೆಲವು ಸಮಾಜಗಳಲ್ಲಿ ಇಂಥವರು ಇಂಥವರನ್ನು ಗೇಲಿ ಮಾಡಬಹುದು, ಗೇಲಿಗೆ ಒಳಗಾದವರು ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬಾರದು ಎಂಬ ಕಟ್ಟಳೆಯೇ ಇರುವುದನ್ನು ಅವರು ಅಲ್ಲಿ ವಿವರಿಸಿದ್ದಾರೆ; ಸ್ನೇಹವೂ ವೈರವೂ ವಿಚಿತ್ರವಾಗಿ ಬೆರೆತ ಈ ನಡವಳಿಕೆಯನ್ನು ಅವರು ಒಪ್ಪಿಗೆ ಪಡೆದ ಅಗೌರವವೆಂದು ಕಂಡರು. ನಿಮ್ಮ ಪತ್ರ ಓದುವಾಗ ನನಗೆ ಮುಖ್ಯವೆನಿಸಿದ್ದು ಆ ‘ಒಪ್ಪಿಗೆ’ ಎಂಬ ಪದ. ಅಲ್ಲಿ ಒಪ್ಪಿಗೆ ಕೊಡುವುದು ಸಮಾಜದ ಕಟ್ಟಳೆ. ಗೆಳೆಯರ ಬಳಗದಲ್ಲಿ ಅಂಥ ಕಟ್ಟಳೆ ಯಾವುದೂ ಇರುವುದಿಲ್ಲ. ಅಲ್ಲಿರುವುದು ಗೇಲಿಗೆ ಒಳಗಾದವರ ಮನಸ್ಸೊಂದೇ. ‘ಮರೆಗುಳಿ’ ಎಂದು ಕರೆಯಲು ಇಪ್ಪತ್ತು ವರ್ಷ ಅನುಮತಿ ಕೊಟ್ಟವರು ನೀವು. ಅದನ್ನು ಹಿಂದಕ್ಕೆ ಪಡೆಯುವ ಹಕ್ಕು ಕೂಡ ನಿಮ್ಮದೇ. ಹಾಗೆ ಪಡೆದುಕೊಂಡರೆ ಹಿಂದಿನ ನಗುವೆಲ್ಲ ಸುಳ್ಳಾಗುವುದಿಲ್ಲ, ಅವರು ನಿಮಗೆ ಅನ್ಯಾಯ ಮಾಡಿದರೆಂಬ ಅರ್ಥವೂ ಬರುವುದಿಲ್ಲ.

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂಬ ಗಾದೆ ನಿಮ್ಮ ಪಾಲಿಗೆ ಅರ್ಧವಷ್ಟೇ ಹೊಂದುತ್ತದೆ. ನಿಮ್ಮ ಸಂಕಟ ನಿಜವಾದದ್ದು, ಆದರೆ ನಿಮ್ಮ ಗೆಳೆಯರಿಗೆ ಅದರ ಸುಳಿವೇ ಇಲ್ಲ. ತಿಳಿಯದೆ ಆಡಿದ ಮಾತನ್ನು ಕ್ರೌರ್ಯವೆಂದು ಎಣಿಸುತ್ತ ಹೋದರೆ, ತಿಂಗಳುಗಟ್ಟಲೆ ಒಳಗೊಳಗೇ ಕುದಿದು ಒಂದು ದಿನ ಒಬ್ಬರ ಮೇಲೆ ಸಿಡಿದು ಗುಂಪು ಬಿಟ್ಟು ಹೊರನಡೆಯುವ ಸಂದರ್ಭ ಬರುತ್ತದೆ. ಹಾಗೆ ಮುರಿದುಹೋದ ಸ್ನೇಹಗಳನ್ನು ನಾನು ಕಂಡಿದ್ದೇನೆ. ಅಲ್ಲೆಲ್ಲ ಮಾತಿಗಿಂತ ಹೆಚ್ಚು ಹಾನಿ ಮಾಡಿದ್ದು ಬಹಳ ಕಾಲದ ಮೌನ.

ಯಾರಾದರೂ ಆ ಹೆಸರು ಹಿಡಿದು ಕರೆದ ಗಳಿಗೆಯಲ್ಲೇ ಉತ್ತರವಾಗಿ ಇದನ್ನು ಹೇಳಬೇಡಿ. ಆಗ ಹದಿನಾಲ್ಕು ಮಂದಿ ಮಾಡಿದ ತಮಾಷೆಗೆ ಒಬ್ಬರೇ ಕಟಕಟೆಯಲ್ಲಿ ನಿಂತಂತಾಗುತ್ತದೆ, ಅವರು ತಮ್ಮನ್ನು ಸಮರ್ಥಿಸಿಕೊಳ್ಳಲು ಹೊರಡುತ್ತಾರೆ, ನಿಮ್ಮ ತಾಯಿಯ ವಿಷಯ ಬದಿಗೆ ಸರಿಯುತ್ತದೆ. ಗುಂಪಿನಲ್ಲಿ ನಿಮಗೆ ಹೆಚ್ಚು ಹತ್ತಿರವಾದ ಒಬ್ಬರಿಗೆ ಮೊದಲು ಫೋನ್ ಮಾಡಿ ಎಲ್ಲವನ್ನೂ ಹೇಳಿ. ಬಳಿಕ ಸದ್ದುಗದ್ದಲವಿಲ್ಲದ ಹೊತ್ತಿನಲ್ಲಿ ನೀವೇ ಗುಂಪಿಗೆ ನಾಲ್ಕು ಸಾಲು ಬರೆಯಿರಿ. ಉದಾಹರಣೆಗೆ ಹೀಗೆ ಬರೆಯಬಹುದು: ‘ಅಮ್ಮನಿಗೆ ಮರೆವಿನ ಕಾಯಿಲೆ ಇದೆಯೆಂದು ಕಳೆದ ವರ್ಷ ತಿಳಿಯಿತು. ಇಷ್ಟು ದಿನ ನಿಮಗೆ ಹೇಳಿರಲಿಲ್ಲ. ನನ್ನ ಹಳೆಯ ಅಡ್ಡಹೆಸರು ಈಗ ನನಗೆ ಕಷ್ಟವಾಗುತ್ತಿದೆ, ಇನ್ನು ಹಾಗೆ ಕರೆಯಬೇಡಿ. ನಿಮ್ಮಲ್ಲಿ ಯಾರ ಮೇಲೂ ನನಗೆ ಬೇಸರವಿಲ್ಲ.’ ಇದಕ್ಕಿಂತ ಹೆಚ್ಚಿನ ವಿವರಣೆ ಬೇಕಾಗಿಲ್ಲ. ಕ್ಷಮೆಯನ್ನಂತೂ ಕೇಳಲೇಬೇಡಿ.

ಇಪ್ಪತ್ತು ವರ್ಷದ ಅಭ್ಯಾಸವಾದ್ದರಿಂದ ಯಾರೋ ಒಬ್ಬರು ಬಾಯಿ ತಪ್ಪಿ ಮತ್ತೆ ಆ ಹೆಸರು ಬಳಸಬಹುದು. ಆಗ ತಿದ್ದುವ ಕೆಲಸವನ್ನು ನೀವು ಮೊದಲು ಫೋನ್ ಮಾಡಿದ ಆ ಗೆಳತಿಗೋ ಗೆಳೆಯನಿಗೋ ಒಪ್ಪಿಸಿಡಿ. ‘ಇಷ್ಟಕ್ಕೆಲ್ಲ ಮನಸ್ಸಿಗೆ ಹಚ್ಚಿಕೊಳ್ಳುವುದೇ?’ ಎಂದು ಕೇಳುವವರೂ ಒಬ್ಬರಿರಬಹುದು. ತಮಾಷೆಯ ಭಾರವೆಷ್ಟೆಂದು ಹೇಳಬೇಕಾದವರು ಅದನ್ನು ಹೊತ್ತವರು, ಹೊರಿಸಿದವರಲ್ಲ ಎಂದು ನಾನು ದೃಢವಾಗಿ ನಂಬಿದ್ದೇನೆ. ಅಂಥವರೊಡನೆ ವಾದಕ್ಕಿಳಿಯುವ ಅಗತ್ಯ ನಿಮಗಿಲ್ಲ.

ನೀವು ಬರೆಯದೆ ಬಿಟ್ಟ ಭಯವೊಂದು ಪತ್ರದ ಸಾಲುಗಳ ನಡುವೆ ನನಗೆ ಕಂಡಿತು. ತಾಯಿಗೆ ಬಂದದ್ದು ತನಗೂ ಬಂದೀತೇ ಎಂಬ ಆತಂಕ ನಿಮ್ಮಲ್ಲಿ ಇರುವುದಾದರೆ, ಪರೀಕ್ಷೆಯ ಗಾಬರಿಯಲ್ಲಿ ಒಂದು ಕಾಗದ ಮರೆತದ್ದು ಯಾವ ಕಾಯಿಲೆಯ ಲಕ್ಷಣವೂ ಅಲ್ಲವೆಂಬುದನ್ನು ನೆನಪಿಡಿ. ತಂದೆ ಅಥವಾ ತಾಯಿಗೆ ಈ ಕಾಯಿಲೆ ಇದ್ದ ಮಾತ್ರಕ್ಕೆ ಮಕ್ಕಳಿಗೂ ಬಂದೇ ಬರುತ್ತದೆ ಎನ್ನುವಂತಿಲ್ಲ. ತಾಯಿಯನ್ನು ನೋಡುತ್ತಿರುವ ವೈದ್ಯರ ಬಳಿ ಈ ಪ್ರಶ್ನೆಯನ್ನು ನೇರವಾಗಿ ಕೇಳಿ.

ಪ್ರಶ್ನೆ: ಬಹಳ ದಿನ ಕೆಲಸವಿಲ್ಲದೆ ಇದ್ದ ಗೆಳತಿಯೊಬ್ಬಳು ಹೊಸ ಕೆಲಸ ಸಿಕ್ಕಿತೆಂದು ನಮ್ಮ ಗುಂಪಿಗೆ ತಿಳಿಸಿದಳು. ನಾನು ಸಲುಗೆಯಿಂದ ‘ಕೊನೆಗೂ ನಿನ್ನನ್ನು ಸಹಿಸಿಕೊಳ್ಳುವವರು ಸಿಕ್ಕರಲ್ಲ!’ ಎಂದು ಬರೆದೆ. ಅವಳು ಎರಡು ವಾರದಿಂದ ನನ್ನೊಡನೆ ಮಾತಾಡುತ್ತಿಲ್ಲ. ಎದುರಿಗಿದ್ದಾಗ ಇದಕ್ಕಿಂತ ಹೆಚ್ಚು ಕೀಟಲೆ ಮಾಡಿದ್ದೇನೆ, ಅವಳು ನಕ್ಕಿದ್ದಾಳೆ. ಈಗ ಏನಾಯಿತು?

ಉತ್ತರ: ಎದುರಿಗಿದ್ದಾಗ ನಿಮ್ಮ ಧ್ವನಿ, ಕಣ್ಣು, ಹೆಗಲ ಮೇಲಿನ ಕೈ ಎಲ್ಲವೂ ಮಾತಿನ ಜೊತೆಗಿರುತ್ತಿದ್ದವು. ಬರಹದಲ್ಲಿ ಅವಳಿಗೆ ತಲುಪಿದ್ದು ಬರಿಯ ಅಕ್ಷರ.

ಇದನ್ನು ಪರೀಕ್ಷಿಸಿ ನೋಡಿದವರಿದ್ದಾರೆ. ಜಸ್ಟಿನ್ ಕ್ರೂಗರ್, ನಿಕೊಲಸ್ ಎಪ್ಲಿ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಬ್ಬರು ಕೆಲವು ವಾಕ್ಯಗಳನ್ನು ವ್ಯಂಗ್ಯವಾಗಿಯೂ ಕೆಲವನ್ನು ಗಂಭೀರವಾಗಿಯೂ ಕಳುಹಿಸಬೇಕಿತ್ತು, ಇನ್ನೊಬ್ಬರು ಯಾವುದು ಯಾವುದೆಂದು ಗುರುತಿಸಬೇಕಿತ್ತು. ಧ್ವನಿಯಲ್ಲಿ ಹೇಳಿದಾಗ ಬಹುಪಾಲು ಸರಿಯಾಗಿ ಗುರುತಾಯಿತು. ಇಮೇಲಿನಲ್ಲಿ ಕಳುಹಿಸಿದವರು ನೂರಕ್ಕೆ 78ರಷ್ಟು ಅರ್ಥವಾಗುತ್ತದೆಂದು ಭರವಸೆಯಿಂದಿದ್ದರು. ನಿಜವಾಗಿ ಸರಿಯಾದದ್ದು 56ರಷ್ಟು, ಅಂದರೆ ನಾಣ್ಯ ಚಿಮ್ಮಿ ಹೇಳಿದ್ದಕ್ಕಿಂತ ತುಸುವೇ ಮೇಲು. ಬರೆಯುವಾಗ ನಮ್ಮ ಧ್ವನಿ ನಮ್ಮ ಕಿವಿಯೊಳಗೆ ಕೇಳುತ್ತಲೇ ಇರುವುದರಿಂದ, ಓದುವವರಿಗೂ ಅದು ಕೇಳುತ್ತಿದೆ ಎಂದು ನಾವು ನಂಬಿಬಿಡುತ್ತೇವೆ. 1990ರಲ್ಲಿ ಎಲಿಜಬೆತ್ ನ್ಯೂಟನ್ ಎಂಬ ಸಂಶೋಧಕಿ, ಎಲ್ಲರಿಗೂ ಪರಿಚಿತವಾದ ಹಾಡುಗಳ ಲಯವನ್ನು ಮೇಜಿನ ಮೇಲೆ ಬೆರಳಿನಿಂದ ತಟ್ಟಿ ತೋರಿಸುವಂತೆ ಕೆಲವರಿಗೆ ಹೇಳಿದರು. ಕೇಳುಗರಲ್ಲಿ ಅರ್ಧದಷ್ಟು ಮಂದಿ ಹಾಡನ್ನು ಗುರುತಿಸುತ್ತಾರೆಂದು ತಟ್ಟಿದವರು ಎಣಿಸಿದ್ದರು. 120 ಹಾಡುಗಳಲ್ಲಿ ಗುರುತಾದದ್ದು 3. ನಿಮ್ಮ ಸಾಲಿಗೆ ಆದದ್ದೂ ಇದೇ: ಸಲುಗೆಯ ರಾಗ ನಿಮ್ಮೊಳಗೇ ಉಳಿಯಿತು, ಅವಳಿಗೆ ತಟ್ಟಿದ ಸದ್ದು ಮಾತ್ರ ಕೇಳಿಸಿತು.

ನಗುಮುಖದ ಚಿಹ್ನೆ ಹುಟ್ಟಿದ್ದೂ ಈ ತೊಂದರೆಯಿಂದಲೇ. 1982ರ ಸೆಪ್ಟೆಂಬರ್ 19ರಂದು ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸ್ಕಾಟ್ ಫಾಲ್‌ಮನ್, ಸಹೋದ್ಯೋಗಿಗಳು ಕಂಪ್ಯೂಟರಿನಲ್ಲಿ ಬರೆದ ಹಾಸ್ಯವನ್ನು ಕೆಲವರು ನಿಜವೆಂದು ತಿಳಿದು ಗೊಂದಲವಾಗುತ್ತಿದ್ದುದನ್ನು ನೋಡಿ, ತಮಾಷೆಯ ಮಾತಿನ ಕೊನೆಗೆ ಅಡ್ಡಲಾಗಿ ಮಲಗಿದ ನಗುಮುಖವೊಂದನ್ನು ಹಾಕೋಣವೆಂದು ಸೂಚಿಸಿದರು. ಆದರೆ ಆ ಚಿಹ್ನೆಯಿದ್ದಿದ್ದರೂ ನಿಮ್ಮ ಮಾತು ಬದುಕುತ್ತಿತ್ತೇ ಎಂಬ ಅನುಮಾನ ನನಗಿದೆ. ತಿಂಗಳುಗಟ್ಟಲೆ ‘ನಾನು ಯಾರಿಗೂ ಬೇಡವಾದೆನೇ’ ಎಂದು ಅವಳು ಯೋಚಿಸಿರಬಹುದಾದ ಜಾಗಕ್ಕೇ ನಿಮ್ಮ ಕೀಟಲೆ ಹೋಗಿ ತಗುಲಿದೆ. ಗಾಯ ಪೂರ್ತಿ ಮಾಯುವ ಮೊದಲು ಅಲ್ಲಿ ಬೆರಳಿಟ್ಟರೆ ಪ್ರೀತಿಯ ಬೆರಳಾದರೂ ನೋಯುತ್ತದೆ.

ಇನ್ನೊಂದು ಸಂದೇಶ ಬರೆಯುವ ಬದಲು ಫೋನ್ ಮಾಡಿ, ಇಲ್ಲವೇ ಹೋಗಿ ಭೇಟಿಯಾಗಿ. ‘ತಮಾಷೆಗೆ ಹೇಳಿದ್ದು, ನೀನು ತಪ್ಪು ತಿಳಿದುಕೊಂಡೆ’ ಎನ್ನಬೇಡಿ. ಅದು ತಪ್ಪನ್ನು ಅವಳ ಮೇಲೆ ಹಾಕುವ ಮಾತು. ‘ನಿನಗೆ ಕೆಲಸ ಸಿಕ್ಕಿದ್ದು ಕೇಳಿ ನಿಜವಾಗಿ ಸಂತೋಷವಾಗಿತ್ತು, ಅದನ್ನು ಹೇಳುವ ಬದಲು ನೋಯಿಸುವ ಮಾತು ಬರೆದೆ, ತಪ್ಪಾಯಿತು’ ಎನ್ನಿ. ಗುಂಪಿನೆದುರು ಆಡಿದ ಮಾತಾದ್ದರಿಂದ ಅವಳಿಗೆ ಸಲ್ಲಬೇಕಾದ ಅಭಿನಂದನೆಯನ್ನೂ ಗುಂಪಿನೆದುರೇ ಒಮ್ಮೆ ಸಲ್ಲಿಸಿ.

ಪ್ರಶ್ನೆ: ಮನಸ್ಸು ಭಾರವಾದಾಗ ಗೆಳೆಯರಲ್ಲಿ ಕಷ್ಟ ಹೇಳಿಕೊಂಡರೆ ಐದೇ ನಿಮಿಷದಲ್ಲಿ ಹತ್ತು ಸಲಹೆಗಳು ಬಂದು ಬೀಳುತ್ತವೆ. ಒಬ್ಬರು ಹೇಳಿದ್ದಕ್ಕೆ ಇನ್ನೊಬ್ಬರು ಹೇಳಿದ್ದು ವಿರುದ್ಧವಾಗಿರುತ್ತದೆ. ಯಾವುದನ್ನೂ ಪಾಲಿಸದಿದ್ದರೆ ‘ಹೇಳಿದರೂ ಕೇಳುವುದಿಲ್ಲ’ ಎಂಬ ಮುನಿಸು ಬೇರೆ. ತಪ್ಪು ನನ್ನದೇ?

ಉತ್ತರ: ನಿಮ್ಮದಲ್ಲ, ಅವರ ಕಾಳಜಿಯಲ್ಲೂ ಕಪಟವಿಲ್ಲ. ನೋವು ಕಂಡ ತಕ್ಷಣ ಅದನ್ನು ಹೇಗಾದರೂ ನಿಲ್ಲಿಸಬೇಕೆಂಬ ತವಕದಿಂದ ಸಲಹೆ ಹೊರಡುತ್ತದೆ. ಕೇಳುವವರಿಗೆ ಮಾತ್ರ ಅದು ‘ನಿನಗೆ ಇಷ್ಟೂ ಹೊಳೆಯಲಿಲ್ಲವೇ’ ಎಂಬಂತೆ ಕೇಳಿಸಬಹುದು. ತನ್ನ ಆಯ್ಕೆಯ ಸ್ವಾತಂತ್ರ್ಯಕ್ಕೆ ಧಕ್ಕೆ ಬರುತ್ತಿದೆ ಎನಿಸಿದಾಗ ಮನುಷ್ಯನ ಮನಸ್ಸು ಸೆಟೆದು ನಿಲ್ಲುತ್ತದೆ, ಹೇಳಿದ್ದಕ್ಕೆ ವಿರುದ್ಧವಾದದ್ದನ್ನೇ ಮಾಡಬೇಕೆಂಬ ಬಯಕೆ ಹುಟ್ಟುತ್ತದೆ ಎಂಬುದನ್ನು ಮನಶ್ಶಾಸ್ತ್ರಜ್ಞ ಜ್ಯಾಕ್ ಬ್ರೆಮ್ 1966ರಲ್ಲೇ ಸಿದ್ಧಾಂತವಾಗಿ ಮಂಡಿಸಿದ್ದರು. ‘ನೀನು ಹೀಗೆ ಮಾಡಲೇಬೇಕು’ ಎಂಬ ಮಾತು ಒಳ್ಳೆಯದನ್ನೇ ಹೇಳುತ್ತಿದ್ದರೂ ಕೆಲಸ ಮಾಡದಿರುವುದು ಇದರಿಂದ. ಅದೇ ವಿಷಯವನ್ನು ‘ನನಗೆ ಇಂಥ ಸಂದರ್ಭ ಬಂದಾಗ ನಾನು ಹೀಗೆ ಮಾಡಿದ್ದೆ’ ಎಂದು ಹೇಳಿದರೆ, ತೆಗೆದುಕೊಳ್ಳುವುದೂ ಬಿಡುವುದೂ ಕೇಳಿದವರ ಕೈಯಲ್ಲೇ ಉಳಿಯುತ್ತದೆ.

ನೀವು ಮಾಡಬಹುದಾದದ್ದು ಒಂದಿದೆ. ಕಷ್ಟ ಹೇಳಿಕೊಳ್ಳುವಾಗ ಮೊದಲ ಸಾಲಿನಲ್ಲೇ ನಿಮಗೆ ಬೇಕಾದುದೇನೆಂದು ತಿಳಿಸಿ. ‘ಇದಕ್ಕೆ ಪರಿಹಾರ ಬೇಡ, ಸುಮ್ಮನೆ ಕೇಳಿಸಿಕೊಳ್ಳಿ’ ಎಂದೋ, ‘ಈ ಎರಡು ದಾರಿಗಳಲ್ಲಿ ಯಾವುದು ಸರಿ ಎನ್ನುವಿರಿ’ ಎಂದೋ ಬರೆದರೆ ಅರ್ಧದಷ್ಟು ಮುನಿಸು ಹುಟ್ಟುವುದೇ ಇಲ್ಲ. ಸಲಹೆ ಕೇಳಿ ಪಡೆದ ಮೇಲೆ, ಅದನ್ನು ಪಾಲಿಸದಿದ್ದರೂ ಕೊನೆಗೆ ಏನು ನಿರ್ಧರಿಸಿದಿರಿ, ಏನಾಯಿತು ಎಂಬುದನ್ನು ಅವರಿಗೆ ತಿಳಿಸುವುದನ್ನು ಮರೆಯಬೇಡಿ. ಹೊತ್ತು ವ್ಯಯಿಸಿ ಯೋಚಿಸಿದವರಿಗೆ ಅಷ್ಟು ಸಲ್ಲಬೇಕು.

ಪ್ರಶ್ನೆ: ನಮ್ಮ ಬಂಧುಗಳ ಗುಂಪಿನಲ್ಲಿ ಹಿರಿಯರೊಬ್ಬರು ಎಲ್ಲರ ಕಾಯಿಲೆಗೂ ಔಷಧ ಹೇಳುತ್ತಾರೆ. ರಕ್ತದೊತ್ತಡದ ಮಾತ್ರೆಯನ್ನು ನಿಲ್ಲಿಸಿಬಿಡು ಎಂದು ನನ್ನ ತಮ್ಮನಿಗೆ ಈಚೆಗೆ ಬರೆದರು. ಎದುರಾಡಿದರೆ ಅವರಿಗೆ ಅವಮಾನವಾದೀತೆಂದು ಸುಮ್ಮನಿದ್ದೇನೆ.

ಉತ್ತರ: ಈ ಒಂದು ವಿಷಯದಲ್ಲಿ ಸುಮ್ಮನಿರಬೇಡಿ. ರಕ್ತದೊತ್ತಡಕ್ಕೂ ಹೃದಯಕ್ಕೂ ಕೊಡುವ ಬೀಟಾ ಬ್ಲಾಕರ್ ವರ್ಗದ ಮಾತ್ರೆಗಳನ್ನು ಹಠಾತ್ತನೆ ನಿಲ್ಲಿಸಿದರೆ ಹೃದಯಬಡಿತ ವಿಪರೀತ ಹೆಚ್ಚಬಹುದು, ಎದೆನೋವು ಬರಬಹುದು, ಹೃದಯದ ತೊಂದರೆ ಇರುವವರಲ್ಲಿ ಹೃದಯಾಘಾತವೂ ಆಗಬಹುದು. ಮೂರ್ಛೆರೋಗದ ಮಾತ್ರೆ ನಿಲ್ಲಿಸಿದರೆ ಮೂರ್ಛೆ ಮರುಕಳಿಸಬಹುದು. ಬಹಳ ದಿನದಿಂದ ತೆಗೆದುಕೊಳ್ಳುತ್ತಿರುವ ಸ್ಟಿರಾಯ್ಡ್ ಮಾತ್ರೆಯನ್ನು ಥಟ್ಟನೆ ಬಿಡುವುದೂ ಅಪಾಯ. ಇಂಥ ಮಾತ್ರೆಗಳ ಪ್ರಮಾಣವನ್ನು ವೈದ್ಯರೇ ಹಂತಹಂತವಾಗಿ ಇಳಿಸಬೇಕು.

ಇಂದೇ ತಮ್ಮನಿಗೆ ಫೋನ್ ಮಾಡಿ, ಮಾತ್ರೆ ನಿಲ್ಲಿಸಿದ್ದಾನೆಯೇ ಎಂದು ಕೇಳಿ; ನಿಲ್ಲಿಸಿದ್ದರೆ ತಡಮಾಡದೆ ವೈದ್ಯರನ್ನು ಕಾಣಲಿ. ಹಿರಿಯರಿಗೆ ಪ್ರತ್ಯೇಕವಾಗಿ, ಗೌರವದಿಂದಲೇ ನಿಮ್ಮ ಆತಂಕವನ್ನು ಹೇಳಿ. ಗುಂಪಿನಲ್ಲಿ ‘ಮಾತ್ರೆಗಳನ್ನು ವೈದ್ಯರನ್ನು ಕೇಳದೆ ಯಾರೂ ನಿಲ್ಲಿಸಬೇಡಿ’ ಎಂಬ ಒಂದು ಸಾಲನ್ನು ಯಾರ ಹೆಸರನ್ನೂ ಎತ್ತದೆ ಬರೆಯಿರಿ. ಆ ಸಲಹೆಯನ್ನು ತಮ್ಮನಲ್ಲದೆ ಉಳಿದವರೂ ಓದಿದ್ದಾರೆ.

ಪ್ರಶ್ನೆ: ಗುಂಪಿನಲ್ಲಿ ಎಲ್ಲರ ಮಾತನ್ನೂ ಓದುತ್ತೇನೆ, ನಗುತ್ತೇನೆ, ಆದರೆ ಏನನ್ನೂ ಬರೆಯುವುದಿಲ್ಲ. ಇದು ಸ್ವಾರ್ಥವೇ?

ಉತ್ತರ: ಅಲ್ಲ. ಜಾಲದ ಸಮುದಾಯಗಳ ಬಗ್ಗೆ ಯಾಕೋಬ್ ನೀಲ್ಸನ್ 2006ರಲ್ಲಿ ಬರೆದಂತೆ, ದೊಡ್ಡ ಗುಂಪುಗಳಲ್ಲಿ ನೂರಕ್ಕೆ ಸುಮಾರು 90 ಮಂದಿ ಓದುವವರು, 9 ಮಂದಿ ಆಗೊಮ್ಮೆ ಈಗೊಮ್ಮೆ ಬರೆಯುವವರು, ಹೆಚ್ಚಿನ ಬರವಣಿಗೆಯೆಲ್ಲ ಉಳಿದ ಒಬ್ಬರದು. ಕೇಳುವವರಿಲ್ಲದೆ ಹರಟೆ ನಡೆಯುವುದೂ ಇಲ್ಲ. ಆದರೆ ಹದಿನೈದಿಪ್ಪತ್ತು ಮಂದಿಯ ಸಣ್ಣ ಬಳಗದಲ್ಲಿ ಸಂಗತಿ ಬೇರೆ. ಅಲ್ಲಿ ಒಬ್ಬರು ಆಸ್ಪತ್ರೆಯಿಂದ ಮನೆಗೆ ಬಂದೆನೆಂದು ಬರೆದಾಗ, ನೀವು ಓದಿದ್ದೀರೆಂದು ಅವರಿಗೆ ಗೊತ್ತಿರುತ್ತದೆ. ನಿಮ್ಮ ಮೌನವೂ ಅವರ ಕಣ್ಣಿಗೆ ಬೀಳುತ್ತದೆ. ಎಲ್ಲರೆದುರು ಬರೆಯಲು ಸಂಕೋಚವಾದರೆ ಅಂಥ ದಿನ ಅವರೊಬ್ಬರಿಗೇ ಪ್ರತ್ಯೇಕವಾಗಿ ‘ಹೇಗಿದ್ದೀರಿ?’ ಎಂದು ಕೇಳಿ. ಉಳಿದ ದಿನಗಳಲ್ಲಿ ಓದುತ್ತ, ನಗುತ್ತ ನಿಶ್ಚಿಂತೆಯಿಂದ ಇರಿ.