ಮಾತ್ರೆ ಕಾಣಲಿಲ್ಲ, ಪಾಯಸ ಕಾಣಿಸಿತು

ಪ್ರಶ್ನೆ: ಡಾಕ್ಟ್ರೇ, ನಮ್ಮ ಮಾವನವರಿಗೆ 71 ವರ್ಷ. ಬೆನ್ನಿನ ಆಪರೇಷನ್ ಆದ ಮೇಲೂ ಕಾಲಿಗೆ ಇಳಿಯುವ ನೋವು ಹೋಗಿಲ್ಲ. ಇಲ್ಲೇ ಒಂದು ಪೇನ್ ಕ್ಲಿನಿಕ್‌ನಲ್ಲಿ ಟ್ರಮಡಾಲ್ ಅನ್ನುವ ನೋವಿನ ಮಾತ್ರೆ ಕೊಡುತ್ತಿದ್ದಾರೆ. ಮೊನ್ನೆ ಯೂರಿನ್ ಟೆಸ್ಟ್ ಮಾಡಿಸಿದರು, ಮಾರ್ಫಿನ್ ಪಾಸಿಟಿವ್ ಅಂತ ಬಂತು. ‘ಬೇರೆ ಏನು ತಗೋತಾರೆ, ನಿಜ ಹೇಳಿ’ ಅಂತ ನನ್ನನ್ನು ಪಕ್ಕಕ್ಕೆ ಕರೆದು ಕೇಳಿದರು. ಮಾವನವರಿಗೆ ಅವಮಾನವಾಗಿ ಮಾತ್ರೆಯನ್ನೇ ಬಿಟ್ಟಿದ್ದಾರೆ. ಕಾಫಿ ಬಿಟ್ಟರೆ ಬೇರೆ ಚಟ ಇಲ್ಲದವರು. ಟೆಸ್ಟಿನ ಹಿಂದಿನ ದಿನ ನಾಮಕರಣದ ಊಟಕ್ಕೆ ಹೋಗಿದ್ದೆವು, ಒಬ್ಬಟ್ಟು, ಗಸಗಸೆ ಪಾಯಸ ಎಲ್ಲಾ ಇತ್ತು, ಅಷ್ಟೇ.
– ಹೆಸರು ಬೇಡ, ಬಸವನಗುಡಿ

ಉತ್ತರ: ಅಷ್ಟೇ ಅಂತ ಬರೆದಿದ್ದೀರಲ್ಲ, ವಿಷಯ ಇರುವುದೇ ಅಲ್ಲಿ! ಆದರೆ ಮೊದಲು ಮಾತ್ರೆ. ದಿನಾ ಟ್ರಮಡಾಲ್ ತಗೊಳ್ಳುವವರು ಒಮ್ಮೆಲೇ ಬಿಟ್ಟರೆ ಬೆವರು, ನಡುಕ, ಭೇದಿ, ನಿದ್ದೆ ಬಾರದಿರುವುದು ಎಲ್ಲಾ ಶುರುವಾಗಬಹುದು. ಇವತ್ತೇ ಕ್ಲಿನಿಕ್‌ಗೆ ಫೋನ್ ಮಾಡಿ, ಎಷ್ಟು ದಿನದಿಂದ ಬಿಟ್ಟಿದ್ದಾರೆ ಅಂತ ಹೇಳಿ, ಮುಂದೇನು ಅಂತ ಅವರೇ ಹೇಳಲಿ.

ಇನ್ನು ಪಾಯಸ. ಗಸಗಸೆ ಬರುವುದು ಅಫೀಮಿನ ಗಿಡದಿಂದಲೇ, ಮಾರ್ಫಿನ್ ಅನ್ನುವ ಜೋರು ನೋವಿನ ಮದ್ದು ಇರುವುದೂ ಆ ಅಫೀಮಿನಲ್ಲೇ. ಬೀಜಕ್ಕೆ ಅಂಟಿಕೊಂಡ ಚೂರು ಮಾರ್ಫಿನ್ ಒಂದೆರಡು ದಿನ ಮೂತ್ರದಲ್ಲಿ ಕಾಣಬಹುದು. ಅಮೆರಿಕದಲ್ಲಿ ಗಸಗಸೆ ತಿಂದ ನೌಕರರೂ ಸಿಕ್ಕಿಬೀಳುತ್ತಿದ್ದರು ಅಂತ 1998ರಲ್ಲಿ ಸರ್ಕಾರಿ ಟೆಸ್ಟಿನಲ್ಲಿ ಪಾಸಿಟಿವ್ ಅನ್ನುವ ಮಿತಿಯನ್ನು ಮಿಲಿಲೀಟರ್‌ಗೆ 300 ನ್ಯಾನೋಗ್ರಾಂನಿಂದ 2000ಕ್ಕೆ ಏರಿಸಿದರು. ಅವರು ಬ್ರೆಡ್ ಮೇಲೆ ಉದುರಿಸಿಕೊಳ್ಳುವವರು, ನಾವು ಕಾಯಿ ಜೊತೆ ರುಬ್ಬಿ ಲೋಟಗಟ್ಟಲೆ ಕುಡಿಯುವವರು. ಆಸ್ಪತ್ರೆಗಳಲ್ಲಿ ಬಳಸುವ ಎಷ್ಟೋ ಕಿಟ್‌ಗಳ ಮಿತಿ ಇನ್ನೂ 300ರಲ್ಲೇ ಇದೆ.

ತಮಾಷೆ ಏನಂದ್ರೆ, ಈ ಮಾಮೂಲಿ ಕಿಟ್‌ಗಳು ಹುಡುಕುವುದು ಮಾರ್ಫಿನ್, ಕೋಡೀನ್ ಜಾತಿಯದನ್ನು. ಟ್ರಮಡಾಲ್ ಅದರಲ್ಲಿ ಸಿಗುವುದಿಲ್ಲ, ಅದಕ್ಕೆ ಬೇರೆ ಟೆಸ್ಟ್ ಬೇಕು.

ಲ್ಯಾಬ್‌ನವರು ‘ಕನ್ಫರ್ಮೇಟರಿ’, ಅಂದರೆ ಮೊದಲ ಫಲಿತಾಂಶವನ್ನು ಖಚಿತಪಡಿಸುವ, ಜಾಸ್ತಿ ದುಡ್ಡಿನ ಟೆಸ್ಟ್ ಹೇಳಬಹುದು. ಅದರಲ್ಲೂ ಮಾರ್ಫಿನ್ ಕಾಣುತ್ತದೆ, ಗಾಬರಿ ಬೇಡ, ಪಾಯಸದಲ್ಲಿ ಇದ್ದದ್ದೂ ನಿಜವಾದ ಮಾರ್ಫಿನ್ನೇ ಅಲ್ವಾ? ಅಲ್ಲಿ ನೋಡಬೇಕಾದ್ದು ಪ್ರಮಾಣ ಎಷ್ಟು ಅಂತ. ಒಂದು ವಾರ ಗಸಗಸೆ ಮುಟ್ಟದೆ ಮತ್ತೊಮ್ಮೆ ಟೆಸ್ಟ್ ಮಾಡಿಸಿ ಅಂತ ನೀವೇ ಕೇಳಿ. ಕೋಡೀನ್ ಇರುವ ಕೆಮ್ಮಿನ ಸಿರಪ್ ಏನಾದರೂ ಕುಡಿದಿದ್ದರೆ ಅದನ್ನೂ ಹೇಳಿ, ಅದೂ ಹೀಗೇ ಪಾಸಿಟಿವ್ ತೋರಿಸುತ್ತದೆ.

ಕ್ಲಿನಿಕ್‌ನವರು ಟೆಸ್ಟ್ ಮಾಡಿಸಿದ್ದು ತಪ್ಪಲ್ಲ. ಇಂಥ ಮಾತ್ರೆ ಜೊತೆ ನಿದ್ದೆ ಮಾತ್ರೆಯೋ ಮದ್ಯವೋ ಸೇರಿದರೆ ಉಸಿರೇ ನಿಧಾನವಾಗಬಹುದು, ಅವರಿಗೆ ಗೊತ್ತಿರಬೇಕು. ಆದರೆ ಏನು ತಿಂದಿರಿ ಅಂತ ಮಾವನವರನ್ನೇ ಕೂರಿಸಿ ಕೇಳಬೇಕಿತ್ತು. ಸೊಸೆಯನ್ನು ಪಕ್ಕಕ್ಕೆ ಕರೆದು ಪೊಲೀಸರ ಥರ ವಿಚಾರಿಸುವುದು ವೈದ್ಯಕೀಯ ಅಲ್ಲ.

ಪ್ರಶ್ನೆ: ಹಳೇ ಚೀಟಿ ತೋರಿಸಿದರೂ ಮೆಡಿಕಲ್ ಶಾಪ್‌ನವರು ಟ್ರಮಡಾಲ್ ಕೊಡುವುದಿಲ್ಲ. ಸುಮ್ನೆ ಸತಾಯಿಸುತ್ತಾರಾ?
– ಓದುಗ, ಬನಶಂಕರಿ

ಉತ್ತರ: ಇಲ್ಲ. ಅದು ಎಚ್‌-1 ಪಟ್ಟಿಯ ಔಷಧ, ಅಂದರೆ ಡಾಕ್ಟರ್ ಚೀಟಿ ನೋಡಿ, ಲೆಕ್ಕ ಬರೆದೇ ಮಾರಬೇಕಾದದ್ದು. 2018ರಿಂದ ಮಾದಕ ವಸ್ತು ಕಾಯ್ದೆಯ ಕೆಳಗೂ ಬಂದಿದೆ. ಡಾಕ್ಟರ್ ಹೆಸರು, ನಿಮ್ಮ ಹೆಸರು, ಎಷ್ಟು ಕೊಟ್ಟರು ಅನ್ನುವುದನ್ನೆಲ್ಲ ಅಂಗಡಿಯವರು ರಿಜಿಸ್ಟರ್‌ನಲ್ಲಿ ಬರೆದು 3 ವರ್ಷ ಇಟ್ಟುಕೊಳ್ಳಬೇಕು. ಮತ್ತೆ ಕೊಡಬಹುದು ಅಂತ ಡಾಕ್ಟರ್ ಬರೆಯದಿದ್ದರೆ ಒಂದು ಚೀಟಿಗೆ ಒಂದೇ ಸಲ. ಪ್ರತಿ ಸಲ ಹೊಸ ಚೀಟಿ ಬರೆಸಿಕೊಳ್ಳಿ, ಮಾತ್ರೆ ಮುಗಿಯುವ ನಾಲ್ಕು ದಿನ ಮೊದಲೇ ಹೋಗಿ.