ಅಡಿಕೆ ಹಾಳೆಯ ಟೊಪ್ಪಿಯನ್ನು ಮ್ಯೂಸಿಯಂನಲ್ಲಿ ಯಾಕೆ ಇಡುತ್ತಾರೆ?

ಕರಾವಳಿಯ ಊರುಗಳಲ್ಲಿ ಏನು ಬೆಳೆಯುತ್ತಿತ್ತು, ಜನ ಏನು ಕೆಲಸ ಮಾಡುತ್ತಿದ್ದರು ಅನ್ನೋದು ಆ ಒಂದು ಟೊಪ್ಪಿಯಲ್ಲೇ ಇದೆ, ಅದಕ್ಕೆ. ತುಳುವಿನಲ್ಲಿ ಇದು ಮುಟ್ಟಾಳೆ (ಬಯ್ಯುವ 'ಮುಟ್ಠಾಳ' ಬೇರೆ!).

ಅಡಿಕೆ ಮರದ ಸೋಗೆ ಬಿದ್ದಾಗ ಅದರ ಬುಡದಲ್ಲಿ ಅಗಲವಾದ ಹಾಳೆ ಇರುತ್ತದೆ. ನೀರಲ್ಲಿ ನೆನೆಸಿದರೆ ಮೆತ್ತಗಾಗುತ್ತದೆ. ಆಗ ತಲೆಯ ಅಳತೆಗೆ ಮಡಿಸಿ ಹೊಲಿದುಬಿಟ್ಟರೆ, ಒಣಗಿದ ಮೇಲೆ ಅದೇ ಆಕಾರದಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ. ಗೊಬ್ಬರದ ಬುಟ್ಟಿ, ಸೊಪ್ಪಿನ ಹೊರೆ ಹೊರುವವರಿಗೆ ಇಂಥದ್ದೇ ಬೇಕು. ಕಡ್ಡಿ ಚುಚ್ಚುವುದಿಲ್ಲ, ಬುಟ್ಟಿಯಿಂದ ಸೋರುವ ನೀರು ಕೂದಲಿಗೆ ಇಳಿಯುವುದಿಲ್ಲ. ಹಾಳೆ ತೋಟದಲ್ಲೇ ಸಿಗುತ್ತದೆ, ದುಡ್ಡಿನ ಮಾತೇ ಇಲ್ಲ.

ನನಗಂತೂ ರಾಜರ ಪೇಟಕ್ಕಿಂತ ಇದೇ ಜಾಸ್ತಿ ಇಷ್ಟ. ಮುಂದಿನ ಸಲ ನೋಡಿದಾಗ ನೆತ್ತಿಯ ಭಾಗ ಗಮನಿಸಿ. ಹೊರೆ ಹೊತ್ತ ಟೊಪ್ಪಿಯಾದರೆ ಸಾಮಾನ್ಯವಾಗಿ ಅಲ್ಲೇ ಮೊದಲು ಸವೆದಿರುತ್ತದೆ.