ಕರಾವಳಿಯ ಮನೆಗೆ ಯಾವ ಗಿಟಾರ್?

ಪ್ರಶ್ನೆ: ಮಾನ್ಯರೇ, ಪ್ರೌಢಶಾಲಾ ಅಧ್ಯಾಪಕನಾದ ನಾನು ಭಾನುವಾರದ ಬಲಿಪೂಜೆಯಲ್ಲಿ ನಮ್ಮ ಗಾಯನ ಮಂಡಳಿಗೆ ಗಿಟಾರ್ ನುಡಿಸುತ್ತೇನೆ. ಕಾಲೇಜಿನ ದಿನಗಳಲ್ಲಿ ಕೊಂಡ, ಪೂರ್ತಿ ಪ್ಲೈವುಡ್‌ನ ಗಿಟಾರ್ ಈಗಲೂ ನನ್ನಲ್ಲಿದೆ. ಅದರ ನಾದ ಮಂಕಾಗಿದೆ, ಒಂದೇ ಬೆರಳಿನಿಂದ ಹಲವು ತಂತಿ ಒತ್ತಬೇಕಾದ ಎಫ್ ಕಾರ್ಡ್ ಹಿಡಿದರೆ ಬೆರಳು ನೋಯುತ್ತದೆ. ರೂ. 20,000ದೊಳಗೆ ಇದಕ್ಕಿಂತ ಒಳ್ಳೆಯದೊಂದನ್ನು ಕೊಳ್ಳುವ ಯೋಚನೆಯಿದೆ. ಪಿಕಪ್ (ಗಿಟಾರಿನ ದನಿಯನ್ನು ಧ್ವನಿವರ್ಧಕಕ್ಕೆ ಕಳಿಸುವ ಸಾಧನ) ಇರುವುದನ್ನು ಕೊಳ್ಳಲೇ, ಸಾದಾ ಅಕೌಸ್ಟಿಕ್ ಕೊಳ್ಳಲೇ? ನಮ್ಮ ಮನೆ ಸಮುದ್ರಕ್ಕೆ ಹತ್ತಿರವಿದೆ.
– ಓದುಗರು, ಕಲ್ಯಾಣಪುರ, ಉಡುಪಿ

ಉತ್ತರ: ಬೆರಳು ನೋಯುವುದಕ್ಕೂ ನಾದ ಮಂಕಾಗಿರುವುದಕ್ಕೂ ಕಾರಣ ಒಂದೇ ಅಲ್ಲ. ಆದ್ದರಿಂದ ಅಂಗಡಿಗೆ ಹೋಗುವ ಮೊದಲು ಈಗಿರುವ ಗಿಟಾರನ್ನೇ ಒಮ್ಮೆ ಪರೀಕ್ಷಿಸಿ. ಹನ್ನೆರಡನೇ ಫ್ರೆಟ್‌ನ (ಗಿಟಾರಿನ ಕತ್ತು, ಅಂದರೆ ನೆಕ್‌ನ ಮೇಲಿನ ಅಡ್ಡ ಲೋಹಪಟ್ಟಿಯ) ಮೇಲೆ ಉಕ್ಕಿನ ಸ್ಕೇಲ್ ಇಟ್ಟು ತಂತಿ ಎಷ್ಟು ಎತ್ತರದಲ್ಲಿದೆ ಎಂದು ಅಳೆಯಿರಿ. ದಪ್ಪ ತಂತಿಯ ಕೆಳಗೆ ಸುಮಾರು 2.5 ಮಿ.ಮೀ., ತೆಳು ತಂತಿಯ ಕೆಳಗೆ ಸುಮಾರು 2 ಮಿ.ಮೀ. ಅಂತರವಿದ್ದರೆ ನುಡಿಸಲು ಹಿತವಾಗಿರುತ್ತದೆ. ಅಲ್ಲಿ ಅಂತರ ಸರಿಯಾಗಿದ್ದೂ ಎಫ್ ಕಾರ್ಡ್ ಮಾತ್ರ ಕಷ್ಟವಾಗುತ್ತಿದ್ದರೆ, ನೆಕ್‌ನ ತುದಿಯಲ್ಲಿ ತಂತಿಗಳು ಕೂರುವ ನಟ್ ಎಂಬ ಪಟ್ಟಿಯ ಗೀರುಗಳು ಸಾಕಷ್ಟು ಆಳವಾಗಿಲ್ಲ ಎಂದು ತಿಳಿಯಬೇಕು. ಹೀಗಿದ್ದಾಗ ಮೊದಲ ಫ್ರೆಟ್‌ನಲ್ಲಿ ಒತ್ತಿದ ಸ್ವರ ಶ್ರುತಿಗಿಂತ ತುಸು ಏರಿಯೂ ಕೇಳುತ್ತದೆ. ಕೆಲಸ ಬಲ್ಲವರು ನಟ್ ಮತ್ತು ಸ್ಯಾಡಲ್ (ಮೈಮೇಲೆ ತಂತಿಗಳನ್ನು ಹೊತ್ತಿರುವ ಪಟ್ಟಿ) ಉಜ್ಜಿ, ನೆಕ್‌ನೊಳಗಿನ ಉಕ್ಕಿನ ಸರಳಾದ ಟ್ರಸ್ ರಾಡ್ ತಿರುಗಿಸಿ ಇದನ್ನು ಸರಿಪಡಿಸುತ್ತಾರೆ; ಇದಕ್ಕೇ ಸೆಟಪ್ ಎನ್ನುವುದು. ಅತಿ ತೆಳು ತಂತಿ 0.012 ಇಂಚು ದಪ್ಪವಿರುವ ತಂತಿಗಳ ಸೆಟ್ ಬದಲು 0.011ರ ಸೆಟ್ ಹಾಕಿದರೂ ಬೆರಳಿಗೆ ಎಷ್ಟೋ ಆರಾಮ ಸಿಗುತ್ತದೆ. ಸೆಟಪ್ ಆಗದ ಹೊಸ ಗಿಟಾರ್ ಕೂಡ ಇದೇ ನೋವನ್ನು ಕೊಡಬಲ್ಲದು. ಹಾಗಾಗಿ ನಿಮ್ಮ ರೂ. 20,000ದಲ್ಲಿ ಸೆಟಪ್, ಒಂದು ಜೊತೆ ಒಳ್ಳೆಯ ತಂತಿ ಮತ್ತು ಗಟ್ಟಿಯಾದ ಕೇಸ್‌ಗೆಂದು ಸ್ವಲ್ಪ ಹಣವನ್ನು ಮೊದಲೇ ತೆಗೆದಿಡಿ.

ನಾದದ ವಿಷಯ ಬೇರೆ. ಗಿಟಾರಿನ ದನಿಯನ್ನು ಬಹುಮಟ್ಟಿಗೆ ನಿರ್ಧರಿಸುವುದು ಅದರ ಟಾಪ್, ಅಂದರೆ ಮೇಲಿನ ಹಲಗೆ. ಪ್ಲೈವುಡ್‌ನಲ್ಲಿ ಒಂದಕ್ಕೊಂದು ಅಡ್ಡವಾಗಿ ಅಂಟಿಸಿದ ಪದರಗಳಿರುವುದರಿಂದ ಅದು ಸಲೀಸಾಗಿ ಕಂಪಿಸುವುದಿಲ್ಲ; ಪದರಗಳಿಲ್ಲದ ಸ್ಪ್ರೂಸ್ ಮರದ ಸಾಲಿಡ್ ಟಾಪ್ ಬೆರಳಿನ ಮೆಲುವಾದ ಮೀಟಿಗೂ ಓಗೊಡುತ್ತದೆ. ನಿಮ್ಮ ಹಣವನ್ನು ಹಾಕಬೇಕಾದದ್ದು ಇದರ ಮೇಲೆಯೇ ಎಂಬುದು ನನ್ನ ಖಚಿತ ಅಭಿಪ್ರಾಯ. ಯಮಹಾದ ಎಫ್‌ಜಿ800 ಮತ್ತು ಎಫ್‌ಎಸ್800, ಫೆಂಡರ್ ಸಿಡಿ-60ಎಸ್, ಕಾರ್ಟ್‌ನ ಅರ್ಥ್ 70 ಇವೆಲ್ಲ ಸಾಲಿಡ್ ಟಾಪ್ ಇರುವ ಮಾದರಿಗಳು. ನಮ್ಮಲ್ಲಿ ಅನೇಕರು ಕಲಿಕೆಗೆಂದು ಕೊಳ್ಳುವ ಯಮಹಾ ಎಫ್310ರ ಟಾಪ್ ಪ್ಲೈವುಡ್‌ನದು. ಬೆಲೆಗಳು ಬದಲಾಗುತ್ತಲೇ ಇರುವುದರಿಂದ ಎರಡು ಮೂರು ಕಡೆ ವಿಚಾರಿಸಿ. ಹಾಡುಗಾರರ ಜೊತೆ ಕುಳಿತು ನುಡಿಸುವವರಿಗೆ ಮೈ ಚಿಕ್ಕದಾದ ಎಫ್‌ಎಸ್ ಹೆಚ್ಚು ಒಗ್ಗುತ್ತದೆ, ಏಕೆಂದರೆ ಅದರ ಮಂದ್ರ ಸ್ವರಗಳು ಹಾಡುವವರ ದನಿಯನ್ನು ಮುಚ್ಚಿಹಾಕುವುದಿಲ್ಲ.

ಸಾಲಿಡ್ ಟಾಪ್ ಹೌದೋ ಅಲ್ಲವೋ ಎಂಬುದನ್ನು ಚೀಟಿ ನೋಡಿ ನಂಬುವ ಅಗತ್ಯವಿಲ್ಲ. ಟಾಪ್‌ನ ನಡುವಿನ ದುಂಡು ರಂಧ್ರದ ಅಂಚನ್ನು ಬೆಳಕಿಗೆ ಹಿಡಿದು ನೋಡಿದರೆ, ಸಾಲಿಡ್ ಮರದಲ್ಲಿ ಮೇಲ್ಮೈಯ ಗೆರೆಗಳು ಅಂಚಿನ ದಪ್ಪದಲ್ಲೂ ಹಾಗೆಯೇ ಕೆಳಗಿಳಿದಿರುವುದು ಕಾಣುತ್ತದೆ. ಪ್ಲೈವುಡ್ ಆದರೆ ಒಂದರ ಮೇಲೊಂದು ಕುಳಿತ ಪದರಗಳು ಕಾಣುತ್ತವೆ. ಅಂಚಿಗೆ ಬಣ್ಣ ಬಳಿದಿದ್ದರೆ ಒಳಗಿನಿಂದ ಪುಟ್ಟ ಕನ್ನಡಿ ಹಿಡಿದು ನೋಡಬೇಕಾಗುತ್ತದೆ. ಹಾಗೆಯೇ ಟಾಪ್‌ಗೆ ಅಂಟಿಸಿದ, ತಂತಿಗಳ ಬುಡ ಸಿಕ್ಕಿಸಿರುವ ಬ್ರಿಡ್ಜ್‌ನ ಹಿಂಬದಿಗೆ ತೆಳು ಕಾಗದದ ತುದಿಯನ್ನು ತೂರಿಸಿ ನೋಡಿ. ಕಾಗದ ಒಳಗೆ ಹೋದರೆ ಅಂಟು ಬಿಡುತ್ತಿದೆ ಎಂದರ್ಥ. ಅಂಥ ಗಿಟಾರನ್ನು ಎಷ್ಟು ರಿಯಾಯಿತಿ ಕೊಟ್ಟರೂ ಕೊಳ್ಳಬೇಡಿ. ಆರು ತಂತಿಗಳು ಸೇರಿ ಸುಮಾರು 70 ಕಿಲೋ ಭಾರದಷ್ಟು ಬಲದಿಂದ ಆ ಬ್ರಿಡ್ಜನ್ನು ಸದಾ ಎಳೆಯುತ್ತಿರುತ್ತವೆ.

ಹಿಂಬದಿ ಮತ್ತು ಪಕ್ಕದ ಹಲಗೆಗಳು ಪ್ಲೈವುಡ್ ಆಗಿದ್ದರೆ ಬೇಸರಪಡಬೇಡಿ. ನಮ್ಮ ಘಟ್ಟದ ಬೀಟೆ ಮರದಿಂದ ಜಗತ್ತಿನ ಎಷ್ಟೋ ದುಬಾರಿ ಗಿಟಾರುಗಳ ಬೆನ್ನು ತಯಾರಾಗುತ್ತದೆ ಎಂಬುದು ಅಭಿಮಾನದ ಸಂಗತಿಯೇ. ಆದರೆ ಕರಾವಳಿಯ ತೇವದಲ್ಲಿ ಪ್ಲೈವುಡ್‌ನ ಬೆನ್ನು ಉಬ್ಬದೆ, ಬಿರಿಯದೆ ಗಟ್ಟಿಯಾಗಿ ನಿಲ್ಲುತ್ತದೆ.

ಸಮುದ್ರದ ಸಾಮೀಪ್ಯವನ್ನು ನೀವು ಪ್ರಸ್ತಾಪಿಸಿದ್ದು ಒಳ್ಳೆಯದಾಯಿತು. ಗಿಟಾರಿಗೆ 45ರಿಂದ 55 ಶೇಕಡಾ ತೇವಾಂಶ ಹಿತ. ನಮ್ಮ ಆಷಾಢ, ಶ್ರಾವಣದ ಮಳೆಯಲ್ಲಿ ಅದು ಇದಕ್ಕಿಂತ ಬಹಳ ಮೇಲೇರುತ್ತದೆ. ಆಗ ಸಾಲಿಡ್ ಟಾಪ್ ನೀರು ಹೀರಿ ಉಬ್ಬುತ್ತದೆ, ಬ್ರಿಡ್ಜ್ ಮೇಲೇಳುತ್ತದೆ, ತಂತಿಗಳ ಎತ್ತರವೂ ಹೆಚ್ಚುತ್ತದೆ. ಇಂಗ್ಲಿಷಿನ ಗಿಟಾರ್ ಬರಹಗಳಲ್ಲಿ ಕೇಸ್‌ನೊಳಗೆ ಒದ್ದೆ ಸ್ಪಂಜು ಇಡಬೇಕೆಂಬ ಸಲಹೆ ಮತ್ತೆ ಮತ್ತೆ ಬರುತ್ತದೆ. ಅದು ಚಳಿಗಾಲದಲ್ಲಿ ಹೀಟರ್ ಹಚ್ಚಿ ಮನೆಯೊಳಗಿನ ಗಾಳಿಯೇ ಒಣಗಿಹೋಗುವ ದೇಶಗಳಿಗೆ ಹೇಳಿದ ಮಾತು. ಮಳೆಗಾಲದ ಉಡುಪಿಯಲ್ಲಿ ಅದನ್ನು ಪಾಲಿಸಿದರೆ ಗಿಟಾರ್ ಕೆಡುತ್ತದೆ. ನೀವು ಕೇಸ್‌ನಲ್ಲಿ ಸಿಲಿಕಾ ಜೆಲ್ ಚೀಲಗಳನ್ನಿಡಿ, ಪುಟ್ಟ ತೇವಾಂಶ ಮಾಪಕವೊಂದನ್ನೂ ಇಡಿ, ಜೆಲ್ ತೇವ ಹೀರಿದಾಗ ಬದಲಿಸಿ. ಮಳೆನೀರು ಕುಡಿಯುವ ಹೊರಗೋಡೆಗೆ ಗಿಟಾರನ್ನು ತೂಗುಹಾಕಬೇಡಿ. ಉಪ್ಪುಗಾಳಿಗೆ ತಂತಿ ಬೇಗ ತುಕ್ಕು ಹಿಡಿಯುವುದರಿಂದ ನುಡಿಸಿದ ಮೇಲೆ ಪ್ರತಿ ಸಲವೂ ಒಣ ಹತ್ತಿಬಟ್ಟೆಯಿಂದ ಒರೆಸಿ. ಲೇಪನವಿರುವ ತಂತಿಗಳಿಗೆ ಬೆಲೆ ಹೆಚ್ಚಾದರೂ ನಮ್ಮ ಕಡೆ ಅವು ಲಾಭದಾಯಕ. ಬಿಸಿಲಲ್ಲಿ ನಿಂತ ಕಾರಿನೊಳಗೆ ಮಾತ್ರ ಎಂದಿಗೂ ಬಿಡಬೇಡಿ, ಆ ಕಾವಿಗೆ ಅಂಟು ಮೆದುವಾಗುತ್ತದೆ.

ಪಿಕಪ್ ಈಗ ಬೇಡ. ಒಂದೇ ಬೆಲೆಯ ಎರಡು ಗಿಟಾರುಗಳಲ್ಲಿ ಪಿಕಪ್ ಇರುವುದರ ಮರ ಸಾಮಾನ್ಯವಾಗಿ ಕೆಳದರ್ಜೆಯದಾಗಿರುತ್ತದೆ. ಇಗರ್ಜಿಯಲ್ಲಿ ಮೈಕ್ ಸ್ಟ್ಯಾಂಡ್ ಇದ್ದೇ ಇರುತ್ತದೆ. ಮೈಕನ್ನು ದುಂಡು ರಂಧ್ರದ ನೇರಕ್ಕಲ್ಲದೆ, ನೆಕ್ ಮೈಗೆ ಸೇರುವ ಜಾಗದ ಕಡೆಗೆ ತಿರುಗಿಸಿಟ್ಟರೆ ದನಿ ಗುಂಯ್ಗುಡದೆ ತಿಳಿಯಾಗಿ ಬರುತ್ತದೆ. ಮುಂದೆ ಬೇಕೆನಿಸಿದರೆ ರಂಧ್ರಕ್ಕೆ ಕೂರಿಸಿ ತೆಗೆಯಬಹುದಾದ ಪಿಕಪ್ ಪ್ರತ್ಯೇಕವಾಗಿಯೇ ಸಿಗುತ್ತದೆ.

ಹಳೆಯ ಗಿಟಾರನ್ನು ಮಾರಬೇಡಿ, ಅದಕ್ಕೆ ಹೆಚ್ಚೇನೂ ಹಣ ಬರಲಾರದು. ಸೆಟಪ್ ಮಾಡಿಸಿಟ್ಟುಕೊಂಡರೆ ಜಡಿಮಳೆಯ ದಿನ ಹೊರಗೆ ಒಯ್ಯಲು ಆ ಪ್ಲೈವುಡ್ ಗಿಟಾರೇ ಸರಿಯಾದದ್ದು.